ಗ್ಯಾಸ್ಟ್ರಿಕ್ ಬೈಪಾಸ್ ಆದಮ್ಯಾಗ ರಕ್ತ ಕೊಟ್ಟಿದ್ದು, ನನ್ನ ಅನುಭವ

ನಮ್ಮ ಅಕ್ಕನ ಹೆರಿಗಿ ಟೈಮಿಗೆ ಯಾರೋ ಗುರ್ತಿಲ್ಲದ ಹುಡುಗ ಜೇವರ್ಗಿಯಿಂದ ಬಸ್ ಹತ್ತಿ ಕಲಬುರಗಿಗಿ ಬಂದು ರಕ್ತ ಕೊಟ್ಟು ಚಾ ಸೈತ ಕುಡೀದೆ ಹೋಗಿದ್ದ, ಅವತ್ತಿನಿಂದ ನಾನೂ ಕೊಡ್ಲಾಕ ಶುರು ಮಾಡ್ದೆ. ಮುಂದ ತೂಕ 118 ಆಗಿ ಶುಗರ್ ಬಂದು ಹೈದರಾಬಾದಿನಾಗ ಗ್ಯಾಸ್ಟ್ರಿಕ್ ಬೈಪಾಸ್, ಅಂದ್ರ ಹೊಟ್ಟಿ ಸಣ್ಣದು ಮಾಡಿ ತೂಕ ಇಳಸೋ ಆಪರೇಶನ್, ಮಾಡ್ಸಿಕೊಂಡೆ. ದೊಡ್ಡ ಆಪರೇಶನ್ ಆದ್ರ 12 ತಿಂಗಳು ರಕ್ತ ಕೊಡಂಗಿಲ್ಲ ಅಂತ ರೂಲ್ ಅದ, ಕಾದೆ.

ವರ್ಷ ತುಂಬಿದ್ ಮ್ಯಾಲ ಖುಷಿಲೆ ಹೋದ್ರ ಬೆರಳ ಚುಚ್ಚಿ ನೋಡಿ ಹಿಮೋಗ್ಲೋಬಿನ್ 11.6 ಅದ, 12.5 ಬೇಕು, ಬ್ಯಾಡ ಅಂದ್ರು. ಮನಸ್ಸಿಗಿ ಭಾಳ ಬ್ಯಾಸರಾಯ್ತು. ತಪ್ಪು ನಂದೇ ಇತ್ತು, ಐರನ್ ಗುಳಗಿ, ಕ್ಯಾಲ್ಸಿಯಂ ಗುಳಗಿ ಎರಡೂ ಒಮ್ಮೆಲೆ ನುಂಗಿ ಮ್ಯಾಲ ಚಾ ಕುಡಿತಿದ್ದೆ. ನಾವು ತಿಂದಿದ್ರಾಗಿನ ಕಬ್ಬಿಣದಂಶ ಜಾಸ್ತಿ ಹೀರ್ಕೊಳ್ಳೋದು ಸಣ್ಣ ಕರುಳಿನ ಶುರುವಿನ ಭಾಗ, ಬೈಪಾಸ್ ಒಳಗ ಊಟ ಆ ಭಾಗಾನೇ ಬಿಟ್ಟು ಮುಂದ ಹೋಗ್ತದ, ಅದ್ರಾಗ ಚಾ ಮತ್ತ ಕ್ಯಾಲ್ಸಿಯಂ ಇನ್ನೂ ತಡೀತಾವ. ಆಮ್ಯಾಗ ಐರನ್ ರಾತ್ರಿ ಸಕ್ರಿ ಹಾಕದ ನಿಂಬಿ ನೀರಿನ ಜೋಡಿ, ಕ್ಯಾಲ್ಸಿಯಂ ಮುಂಜಾನಿ, ಬಿ12 ಇಂಜೆಕ್ಷನ್ ಡಾಕ್ಟರ್ ಹೇಳ್ದಂಗ, ಹಿಂಗ ಏಳೆಂಟು ತಿಂಗಳು ನಡಸ್ದೆ.

ಇಲ್ಲಿ ಒಂದ್ ಮಾತ್ ಹೇಳ್ಲೇಬೇಕು. ಬ್ಲಡ್ ಬ್ಯಾಂಕಿನಾಗ ನೋಡೋದು ಹಿಮೋಗ್ಲೋಬಿನ್ ಅಷ್ಟೇ, ಮೈಯೊಳಗ ಕಬ್ಬಿಣದ ಸ್ಟಾಕ್ ಎಷ್ಟದ ಅಂತ ತಿಳೀಬೇಕಂದ್ರ ಫೆರಿಟಿನ್ ಟೆಸ್ಟ್ ಬ್ಯಾರೇನೇ ಮಾಡ್ಸಬೇಕು. ಹಿಮೋಗ್ಲೋಬಿನ್ ಚಲೋ ಇದ್ದು ಫೆರಿಟಿನ್ ತಳಾ ಹತ್ತಿರ್ತದ, ಅಂಥಾ ಟೈಮಿನಾಗ ಒಂದ್ ಬ್ಯಾಗ್ ಕೊಟ್ರ ಹೆಚ್ಚುಕಮ್ಮಿ 200 ಮಿಲಿಗ್ರಾಂ ಕಬ್ಬಿಣ ಹೋಗ್ತದ, ನಮ್ಮಂಥೋರಿಗಿ ಅದು ತಿರುಗಿ ತುಂಬ್ಲಾಕ ತಿಂಗಳಾನುಗಟ್ಲೆ ಬೇಕು. ಮುಟ್ಟಾಗೋ ಹೆಣ್ಮಕ್ಕಳಂತೂ ಇದನ್ನ ನೋಡದೇ ಹೋಗ್ಲೇಬ್ಯಾಡ್ರಿ.

ನಂದು ಹಿಮೋಗ್ಲೋಬಿನ್ 13.8, ಫೆರಿಟಿನ್ 64 ಬಂತು, ಸರ್ಜನ್ಗ ಫೋನ್ ಹಚ್ಚಿ ಕೇಳಿ ಹೋದೆ. ಅವ್ವ "ಹೊಟ್ಟಿ ಕೊಯ್ಸ್ಕೊಂಡೀದಿ, ರಕ್ತ ಬ್ಯಾರೆ ಕೊಡ್ತಿಯೇನಪ್ಪ" ಅಂತ ಬಾಗ್ಲಿಗಿ ನಿಂತಿದ್ಳು, ರಿಪೋರ್ಟ್ ತೋರ್ಸಿ ಸಮಾಧಾನ ಮಾಡ್ದೆ. ಬ್ಯಾಸಗಿ ಇತ್ತು, ನಮಗ ಗಟಗಟ ನೀರ ಕುಡೀಲಾಕ ಆಗಲ್ಲ, ಅದಕ್ಕ ಹಿಂದಿನ ದಿನದಿಂದಾನೇ ಬಾಟ್ಲಿ ಹಿಡ್ಕೊಂಡು ಗುಟುಕು ಗುಟುಕು ಕುಡದಿದ್ದೆ, ಮುಂಜಾನಿ ಎರಡು ತತ್ತಿ, ಅರ್ಧ ರೊಟ್ಟಿ, ಶೇಂಗಾ ಹಿಂಡಿ. ತೂಕ 74 ಇದ್ರೂ ಆಪರೇಶನ್ ವಿಷ್ಯ ಮೊದ್ಲೇ ಹೇಳಿ 350 ಎಂಎಲ್ ಬ್ಯಾಗೇ ಹಾಕ್ರಿ ಅಂದೆ, ಒಪ್ಪಿದ್ರು. ಕೊಟ್ಟಾದ್ಮ್ಯಾಲ ಜೂಸ್ ಪ್ಯಾಕೆಟ್ ಕೊಡ್ತಾರಲ್ಲ, ಅದು ಬ್ಯಾಡ ಅಂದೆ, ಬೈಪಾಸ್ ಆದೋರಿಗಿ ಸಿಹಿ ಒಮ್ಮೆಲೆ ಹೋದ್ರ ಬೆವತು ಎದಿ ಹೊಡ್ಕೊಂಡು ತಲಿ ತಿರುಗ್ತದ, ರಕ್ತ ಕೊಟ್ಟಿದ್ಕ ಆಯ್ತೇನೋ ಅಂತ ಅಲ್ಲಿನೋರೂ ಗಾಬರಿ ಆಗ್ತಾರ. ಉಪ್ಪು ಹಾಕಿದ ಮಜ್ಜಿಗಿ ಮನಿಯಿಂದ ಒಯ್ದಿದ್ದೆ, ಅರ್ಧ ತಾಸು ಕುಂತು ಕುಡದು ಎದ್ದೆ.

ಮೂರು ತಿಂಗಳಿಗಿ ಫೆರಿಟಿನ್ ನೋಡಿದ್ರ 31ಕ್ಕ ಇಳದಿತ್ತು. ಗಂಡಸರು 90 ದಿನಕ್ಕ ಮತ್ತ ಕೊಡಬಹುದು ಅಂತ ಅದ ಖರೆ, ನಾ ವರ್ಷಕ್ಕ ಒಂದೇ ಸಲ ಅಂತ ಮಾಡೀನಿ. ಮುಂದಿನ ತಿಂಗಳು ಮತ್ತ ಟೆಸ್ಟ್ ಅದ, 50 ದಾಟಿದ್ರ ನಾ ಹೋಗ್ತೀನಿ, ಇಲ್ಲಾಂದ್ರ ಈ ಸಲ ತಮ್ಮ ಹೋಗ್ತೀನಂದಾನ.