ಫಿಕ್ಸೆಡ್ ಬಿಡ್ ಬಿಟ್ಟೆವು, ಬರೀ ಗಂಟೆ ಲೆಕ್ಕವನ್ನೂ ಬಿಟ್ಟೆವು

ಸಾಫ್ಟ್‌ವೇರ್ ಕೆಲಸಕ್ಕೆ ಈಗ ನಾವು ಗುರಿ ಗಂಟೆ ಮತ್ತು ಮೇಲ್ಮಿತಿ ಇಟ್ಟು ಕರಾರು ಮಾಡುತ್ತೇವೆ. ಇದಕ್ಕೆ ಯಾವ ಗ್ರಾಹಕನೂ ಸಹಿ ಹಾಕುವುದಿಲ್ಲ ಎಂದವರೇ ಹೆಚ್ಚು. ಈಗ ನಮ್ಮ ಹೊಸ ಕರಾರುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇದರಲ್ಲೇ ನಡೆಯುತ್ತಿವೆ.

ಫಿಕ್ಸೆಡ್ ಪ್ರೈಸ್‌ನಲ್ಲಿ (ಒಟ್ಟು ಬೆಲೆ ಮೊದಲೇ ನಿಗದಿಯಾದ ಕರಾರು) ದುಡ್ಡು ಸೋರುವುದು ಕೋಡಿಂಗ್‌ನಲ್ಲಲ್ಲ. ಡೇಟಾ ಮೈಗ್ರೇಷನ್ (ಹಳೆಯ ಡೇಟಾವನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು), ಹೊರಗಿನವರ ಎಪಿಐ (ಅವರ ಸಾಫ್ಟ್‌ವೇರ್ ಜೊತೆ ನಮ್ಮದು ಮಾತಾಡುವ ಕೊಂಡಿ), ಯುಎಟಿ (ಒಪ್ಪಿಕೊಳ್ಳುವ ಮುನ್ನ ಗ್ರಾಹಕರೇ ಮಾಡುವ ಪರೀಕ್ಷೆ), ಈ ಮೂರರಲ್ಲಿ. ಹಳೆಯ ಟೇಬಲ್‌ನ ದಿನಾಂಕದ ಕಾಲಂ ಟೆಕ್ಸ್ಟ್ ಆಗಿರುತ್ತದೆ. 03/04 ಎಂದರೆ ಮಾರ್ಚೋ ಏಪ್ರಿಲ್ಲೋ ಹೇಳುವವರೇ ಇರುವುದಿಲ್ಲ. 40 ಗಂಟೆ ಎಂದು ಬರೆದದ್ದು 150ರ ಹತ್ತಿರ ಹೋಗುತ್ತದೆ. ಕೊನೆಯ ಕಂತಿಗೆ ಶೇ. 30 ಇಟ್ಟಿದ್ದರಂತೂ ಗ್ರಾಹಕರ ಸೈನ್‌ಆಫ್ (ಒಪ್ಪಿಗೆಯ ಸಹಿ) ಇಲ್ಲದೆ ಆ ಹಣ ತಿಂಗಳುಗಟ್ಟಲೆ ನೇತಾಡುತ್ತದೆ. ಟೈಮ್ ಅಂಡ್ ಮೆಟೀರಿಯಲ್‌ನ, ಅಂದರೆ ಬರೀ ಗಂಟೆ ಲೆಕ್ಕದ ಕರಾರಿನ, ಕಾಟ ಬೇರೆ: ಚುರುಕಾಗಿ ಮುಗಿಸಿದವನಿಗೇ ನಷ್ಟ, ಮೇಲೆ ಟೈಮ್‌ಶೀಟ್‌ನ ಸಾಲುಸಾಲಿಗೂ ತಕರಾರು.

ನಾವು ಮಾಡುವುದು ಹೀಗೆ. ಮೊದಲು ಎರಡು-ಮೂರು ವಾರದ ಡಿಸ್ಕವರಿ (ಕೆಲಸ ಏನೇನಿದೆ ಎಂದು ಅರಿಯುವ ಹಂತ), ಅದಕ್ಕೆ ಪ್ರತ್ಯೇಕ ಹಣ. ಶುರುವಿನ ಅಂದಾಜು ನಾಲ್ಕು ಪಟ್ಟಿಗೂ ಏರಬಹುದು, ಕಾಲು ಭಾಗಕ್ಕೂ ಇಳಿಯಬಹುದು ಎಂದು ಸಾಫ್ಟ್‌ವೇರ್ ವೆಚ್ಚದ ಅಂದಾಜಿನ ತಜ್ಞ ಬ್ಯಾರಿ ಬೋಮ್ 1981ರಲ್ಲೇ ತೋರಿಸಿದ್ದಾರೆ. ಹಾಗಿರುವಾಗ ಪುಕ್ಕಟೆ ಎಸ್ಟಿಮೇಟ್‌ಗೆ ಬೆಲೆಯೇನು? ಡಿಸ್ಕವರಿ ಮುಗಿಯುವ ಹೊತ್ತಿಗೆ ಸ್ಕ್ರೀನ್‌ಗಳ ಪಟ್ಟಿ, ನಿಜವಾದ ಡೇಟಾದ ಡಂಪ್ (ಪೂರ್ತಿ ನಕಲು), ಪ್ರತಿ ಎಪಿಐಗೂ ಒಂದಾದರೂ ಯಶಸ್ವಿ ಕಾಲ್ ಇರಲೇಬೇಕು. ಸ್ಯಾಂಡ್‌ಬಾಕ್ಸ್ ಕೀ (ಪರೀಕ್ಷೆಗೆಂದು ಕೊಡುವ ಪ್ರವೇಶ ಸಂಕೇತ) ಸಿಗದ ಎಪಿಐ ಗುರಿಯ ಲೆಕ್ಕದಿಂದ ಹೊರಗೆ, ಗಂಟೆ ದರಕ್ಕೆ.

ಆಮೇಲೆ ಗುರಿ ಗಂಟೆ ಮತ್ತು ಮೇಲ್ಮಿತಿ. ಗುರಿ 1000, ಮಿತಿ 1200, ದರ ಗಂಟೆಗೆ 100 ಎಂದಿಟ್ಟುಕೊಳ್ಳಿ. 1000ದವರೆಗೆ ಪೂರ್ತಿ ದರ, ಅಲ್ಲಿಂದ 1200ರವರೆಗೆ 60, ಅದರಾಚೆ ಸೊನ್ನೆ. 900ಕ್ಕೇ ಮುಗಿದರೆ ಉಳಿದ 10,000ದಲ್ಲಿ ಅರ್ಧ ನಮಗೆ: ಒಟ್ಟು 95,000, ಅಂದರೆ ಗಂಟೆಗೆ 105 ಚಿಲ್ಲರೆ. 1200ಕ್ಕೆ ಹೋದರೆ 1,12,000, ಗಂಟೆಗೆ 93. 1400ಕ್ಕೆ ಎಳೆದರೆ ಸರಿಯಾಗಿ 80ಕ್ಕೆ ಇಳಿಯುತ್ತದೆ. ನೋವಾಗುತ್ತದೆ, ಆದರೆ ಮುಳುಗುವುದಿಲ್ಲ. ನಿಮ್ಮ ಅಸಲು ಗಂಟೆಗೆ 80 ದಾಟಿದ್ದರೆ ಈ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. 

ಗಂಟೆ ಉಬ್ಬಿಸಿ ಬೋನಸ್ ಹೊಡೆಯುತ್ತಾರೆ ಎಂಬ ಅನುಮಾನ ಗ್ರಾಹಕರಿಗೆ ಬಂದೇ ಬರುತ್ತದೆ. ಅಂದಾಜಿನ ಶೀಟನ್ನೇ ಅವರ ಮುಂದಿಟ್ಟು, ಪ್ರತಿ ಸಾಲಿಗೂ ಕನಿಷ್ಠ, ಸಂಭವ, ಗರಿಷ್ಠ ತೋರಿಸಿ. ಗರಿಷ್ಠವು ಕನಿಷ್ಠದ ಮೂರು ಪಟ್ಟು ದಾಟಿದ ಸಾಲನ್ನು ಒಡೆಯಿರಿ. ಹೊಸ ಬೇಡಿಕೆ ಬಂದರೆ ಇನ್ನೂ ಕೈಹಾಕದ ಅಷ್ಟೇ ಗಾತ್ರದ ಕೆಲಸ ತೆಗೆದು ಇದನ್ನು ಸೇರಿಸಲು ಶುಲ್ಕವಿಲ್ಲ; ಏನೂ ತೆಗೆಯದಿದ್ದರೆ ಗುರಿಯೂ ಮಿತಿಯೂ ಲಿಖಿತವಾಗಿ ಏರುತ್ತವೆ. ಈ ಒಂದು ಕಲಮಿನಿಂದಲೇ ಅರ್ಧ ಜಗಳ ನಿಂತಿತು.

ನಡುವೆ ಸ್ಟೋರಿ ಪಾಯಿಂಟ್‌ಗೆ (ಕೆಲಸದ ಗಾತ್ರಕ್ಕೆ ತಂಡವೇ ಕೊಡುವ ಅಂಕ) ಬೆಲೆ ಕಟ್ಟುವ ಪ್ರಯೋಗವೂ ಆಯಿತು. ಕೆಲವೇ ಸ್ಪ್ರಿಂಟ್‌ಗಳಲ್ಲಿ (ಕೆಲವು ವಾರಗಳ ಕೆಲಸದ ಸುತ್ತು) 3ರ ಕೆಲಸವೆಲ್ಲ 5 ಆಯಿತು. ಯಾರೂ ಮೋಸ ಮಾಡಲಿಲ್ಲ, ಅಳತೆಗೋಲಿಗೇ ದುಡ್ಡು ಕಟ್ಟಿದರೆ ಅದು ಹಿಗ್ಗುತ್ತದೆ, ಅಷ್ಟೇ.

ಕೊನೆಯ ಕಂತು ಶೇ. 10 ಮೀರಬಾರದು. ಡೆಲಿವರಿಯಾಗಿ 10 ಕೆಲಸದ ದಿನಗಳಲ್ಲಿ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯಾದಂತೆ ಎಂಬ ಸಾಲು ಮುಖ್ಯ ಕರಾರಿನಲ್ಲೇ ಇರಲಿ. ಅನುಬಂಧದಲ್ಲಿದ್ದರೆ ಗ್ರಾಹಕರ ಲೀಗಲ್‌ನವರು ಸದ್ದಿಲ್ಲದೆ ತೆಗೆದುಬಿಡುತ್ತಾರೆ. 200 ಗಂಟೆಯೊಳಗಿನ ಕೆಲಸಕ್ಕೆ ಇಷ್ಟೆಲ್ಲ ಬೇಡ, ಫಿಕ್ಸೆಡ್ ಸಾಕು. ಮೇಂಟೆನೆನ್ಸ್‌ಗೆ ತಿಂಗಳ ರಿಟೇನರ್, ಅಂದರೆ ತಿಂಗಳಿಗಿಷ್ಟು ಗಂಟೆಗೆ ನಿಗದಿತ ಹಣ. ಬಳಸದ ಗಂಟೆ ಮುಂದಿನ ಒಂದು ತಿಂಗಳಿಗೆ ಮಾತ್ರ ಸಾಗುತ್ತದೆ.