ಶಬ್ದಕೋಶದ ಅಜ್ಜನ ಊರಿಗೆ ಒಬ್ಬಳೇ ಹೋಗಿಬಂದೆ

ಮೂವತ್ತು ವರ್ಷ ಧಾರವಾಡದಲ್ಲಿ ಕನ್ನಡ ಪಾಠ ಹೇಳಿದ ನನಗೆ ಟ್ಯೂಬಿಂಗನ್ ಎಂಬ ಹೆಸರು ಹೊಸದಲ್ಲ. ಕನ್ನಡ ನಿಘಂಟು ಕಟ್ಟಿದ ಜರ್ಮನ್ ಮಿಶನರಿ ಫರ್ಡಿನಾಂಡ್ ಕಿಟೆಲ್ ಅವರ ಬಗ್ಗೆ ಹೇಳುವಾಗ ಪ್ರತಿ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ: ಜನನ 1832, ನಿಧನ 1903, ಟ್ಯೂಬಿಂಗನ್. ಗಂಟೆ ಬಾರಿಸಿದಾಗ ಅಳಿಸುತ್ತಿದ್ದೆ. ಹೋದ ಜೂನ್ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋದೆ. ಬಂದ ಮೂರನೆಯ ದಿನ ರೈಲು ನಿಲ್ದಾಣದ ಫಲಕದ ಮೇಲೆ ಅದೇ ಹೆಸರು ಮಿನುಗುತ್ತಿತ್ತು. ಒಂದು ಗಂಟೆಯ ದಾರಿ ಎಂದು ಮಗಳು ಹೇಳಿದಳು. ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮಗಳಿಗೂ ಅಳಿಯನಿಗೂ ರಜೆ ಇರಲಿಲ್ಲ. ಶನಿವಾರ ಎಲ್ಲರೂ ಕೂಡಿ ಹೋಗೋಣ ಎಂದರು. ನಾನು ಒಬ್ಬಳೇ ಹೋಗುತ್ತೇನೆ ಎಂದೆ. ಜೊತೆಗೆ ಬಂದವರು ಒಂದು ಬಾಗಿಲಿನ ಮುಂದೆ ಅರ್ಧ ಗಂಟೆ ನಿಂತರೆ ಬೇಸರಪಡುತ್ತಾರೆ, ಬೇಸರವನ್ನು ತೋರಿಸದೆ ಇದ್ದರೆ ಅದು ನನಗೆ ಇನ್ನೂ ಕಷ್ಟ. ಈ ಊರನ್ನು ನನ್ನ ನಡಿಗೆಯಲ್ಲಿ, ನನಗೆ ಬೇಕಾದಷ್ಟು ಹೊತ್ತು ನೋಡಬೇಕಿತ್ತು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಾ, ರೈಲು ತಪ್ಪಿದರೆ ಗಾಬರಿಯಾಗಬೇಡ, ಹಿಂದೆಯೇ ಇನ್ನೊಂದು ಬರುತ್ತದೆ" ಎಂದಳು. ಅದೇ ಒಪ್ಪಿಗೆ.

ದಿನ ಆರಿಸುವಾಗ ಒಂದು ವಿಷಯ ಗಮನಿಸಿದೆ. ಅಲ್ಲಿನ ವಸ್ತುಸಂಗ್ರಹಾಲಯಗಳಿಗೆ ವಾರದ ಮೊದಲ ದಿನಗಳಲ್ಲಿ ಒಂದಲ್ಲ ಒಂದಕ್ಕೆ ರಜೆ ಇರುತ್ತದೆ. ಅದಕ್ಕೇ ಗುರುವಾರ ಹೊರಟೆ. ಟಿಕೆಟ್ ಆ ರಾಜ್ಯದ ಹೆಸರಿನದೇ, ಬಾಡೆನ್-ವುರ್ಟೆಂಬರ್ಗ್ ದಿನದ ಟಿಕೆಟ್. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಮರುದಿನ ನಸುಕಿನ 3ರವರೆಗೆ ನಡೆಯುತ್ತದೆ. ಪ್ರಾದೇಶಿಕ ರೈಲುಗಳನ್ನು ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು, ಊರಿನ ಬಸ್ಸಿಗೂ ಅದೇ ಸಾಕು. ಐಸಿಇಯಂಥ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಟಿಕೆಟ್ಟಿನ ಮೇಲೆ ಹೆಸರು ಬರೆದಿರಬೇಕು, ಗುರುತಿನ ಚೀಟಿ ಜೊತೆಗಿರಬೇಕು. ನಾನು ಪಾಸ್‌ಪೋರ್ಟನ್ನು ಸೀರೆಯ ಒಳಚೀಲದಲ್ಲಿ ಇಟ್ಟುಕೊಂಡೆ. ಕೈಚೀಲದಲ್ಲಿ ನೀರಿನ ಬಾಟಲಿ, ಎರಡು ಚಪಾತಿ, ಶೇಂಗಾ ಚಟ್ನಿಪುಡಿ, ಮೊಬೈಲಿಗೆ ಪವರ್ ಬ್ಯಾಂಕ್, ಮಗಳ ವಿಳಾಸ ಬರೆದ ಕಾಗದ, ಮತ್ತು ಶೌಚಾಲಯಕ್ಕೆಂದು ಒಂದಿಷ್ಟು ಚಿಲ್ಲರೆ ನಾಣ್ಯ. ನನ್ನ ವಯಸ್ಸಿನ ಹೆಂಗಸರು ಈ ಕೊನೆಯದನ್ನು ಮರೆಯಬಾರದು. ಕಾಲಿಗೆ ಬೂಟು ಹಾಕಿಕೊಂಡೆ. ಹಳೆಯ ಊರಿನ ದಾರಿಗಳಿಗೆಲ್ಲ ಕಲ್ಲು ಹಾಸಿದ್ದಾರೆ, ಚಪ್ಪಲಿಯಲ್ಲಿ ಹೋಗಿದ್ದರೆ ಮೊಣಕಾಲು ಮಧ್ಯಾಹ್ನವೇ ಸೋಲುತ್ತಿತ್ತು.

ಸ್ಟುಟ್‌ಗಾರ್ಟಿನಿಂದ ಹೊರಟಾಗ ಎಡಗಡೆಯ ಕಿಟಕಿ ಹಿಡಿಯಿರಿ. ಊರು ದಾಟುತ್ತಲೇ ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟಗಳು ಎದ್ದು ಬರುತ್ತವೆ. ಎಸ್ಲಿಂಗನ್, ಪ್ಲೋಖಿಂಗನ್ ಕಳೆದ ಮೇಲೆ ರೈಲು ನೆಕರ್ ನದಿಯ ಜೊತೆಗೇ ದಕ್ಷಿಣಕ್ಕೆ ತಿರುಗುತ್ತದೆ. ನ್ಯೂರ್ಟಿಂಗನ್ ಆದ ಮೇಲೆ ದೂರದಲ್ಲಿ ಶ್ವೇಬಿಷ್ ಆಲ್ಬ್ ಪರ್ವತದ ಉದ್ದನೆಯ ನೀಲಿ ಗೋಡೆ, ಅದರ ತುದಿಯಲ್ಲಿ ಒಂದು ಪಾಳುಬಿದ್ದ ಕೋಟೆ. ಎದುರಿಗೆ ಕುಳಿತಿದ್ದ ಹುಡುಗ ಇಡೀ ದಾರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ವಿದ್ಯಾರ್ಥಿ ಎಂದು ಕೇಳದೆಯೇ ತಿಳಿಯಿತು. ಸುಮಾರು 90 ಸಾವಿರ ಜನರ ಆ ಊರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯಾರ್ಥಿಗಳೇ.

ನಿಲ್ದಾಣದಿಂದ ಹೊರಬಂದು ಹತ್ತು ನಿಮಿಷ ನಡೆದರೆ ನೆಕರ್ ಸೇತುವೆ. ಅಲ್ಲಿ ನಿಂತವರು ಯಾರೂ ಬೇಗ ಹೊರಡುವುದಿಲ್ಲ, ನಾನೂ ಹೊರಡಲಿಲ್ಲ. ನೀರಿಗೆ ಅಂಟಿಕೊಂಡಂತೆ ಸಾಲಾಗಿ ನಿಂತ ಎತ್ತರದ ಮನೆಗಳು, ಹಳದಿ, ತಿಳಿಗೆಂಪು, ಬೂದು ಬಣ್ಣದವು. ಅವುಗಳ ಕೆಳಗೆ ಹಳೆಯ ಕೋಟೆಗೋಡೆ. ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಹುಡುಗ ಹುಡುಗಿಯರು. ಬಲಕ್ಕೆ, ದಂಡೆಯ ಮೇಲೆ, ಹಳದಿ ಬಣ್ಣದ ಒಂದು ದುಂಡು ಗೋಪುರ.

ಆ ಗೋಪುರದಲ್ಲಿ ಹೋಲ್ಡರ್‌ಲಿನ್ ಎಂಬ ಜರ್ಮನ್ ಕವಿ 36 ವರ್ಷ ಬದುಕಿದ್ದ. ಬುದ್ಧಿ ಕದಡಿ, ಇಲ್ಲಿನ ಆಸ್ಪತ್ರೆಯಿಂದ 1807ರಲ್ಲಿ ಹೊರಬಂದಾಗ ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದಿದ್ದರು. ಅವನ ಕೃತಿಯನ್ನು ಓದಿ ಮೆಚ್ಚಿದ್ದ ಟ್ಸಿಮ್ಮರ್ ಎಂಬ ಬಡಗಿ ತನ್ನ ಮನೆಗೆ ಕರೆತಂದು ಇಟ್ಟುಕೊಂಡ. ಬಡಗಿ ಸತ್ತ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಕವಿ ತೀರಿಕೊಂಡದ್ದು 1843ರಲ್ಲಿ. ಗೋಪುರ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು, ಆದರೆ ಕಿಟಕಿಯಿಂದ ಕಾಣುವ ನದಿ ಅದೇ. ಒಳಗೆ ನಾನು ಹೆಚ್ಚು ಹೊತ್ತು ನೋಡಿದ್ದು ಆ ಕಿಟಕಿಯನ್ನೇ. ನೆಂಟನಲ್ಲದವನನ್ನು, ನೆಟ್ಟಗಿಲ್ಲದವನನ್ನು ಒಂದು ಬಡಗಿ ಕುಟುಂಬ ಮೂರೂವರೆ ದಶಕ ಉಣಿಸಿ ಮಲಗಿಸಿದ ಮನೆ ಅದು. ಈ ಊರಿನ ಬಗ್ಗೆ ನನ್ನ ಮನಸ್ಸು ಮೊದಲು ಕರಗಿದ್ದು ಅಲ್ಲಿ.

ನಾನು ಹುಡುಕಿಕೊಂಡು ಬಂದದ್ದು ಅಲ್ಲಿಂದ ಸ್ವಲ್ಪವೇ ಮುಂದೆ, ನದಿಯ ಮೇಲಿನ ದಿಣ್ಣೆಯಲ್ಲಿ ಇತ್ತು. ಅದರ ಹೆಸರು ಷ್ಟಿಫ್ಟ್. 1536ರಲ್ಲಿ ಶುರುವಾಗಿ, ಆಮೇಲೆ ಸಂನ್ಯಾಸಿಗಳ ಹಳೆಯ ಮಠದ ಕಟ್ಟಡಕ್ಕೆ ಬಂದ, ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಉಂಡು, ಮಲಗಿ, ಓದುವ ನಿಲಯ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಇಲ್ಲಿಯವನು. ಮುಂದೆ ತತ್ವಜ್ಞಾನಿಗಳಾಗಿ ಹೆಸರಾದ ಹೆಗೆಲ್, ಶೆಲ್ಲಿಂಗ್, ಜೊತೆಗೆ ಹೋಲ್ಡರ್‌ಲಿನ್ ಮೂವರೂ ಇಲ್ಲಿ ಒಂದೇ ಕೋಣೆಯಲ್ಲಿ ಇದ್ದರು ಎಂದು ಊರಿನ ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ನನಗೆ ಬೇಕಾಗಿದ್ದ ಹೆಸರು ಬೇರೆ. ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲಿ. ಅವರ ಗೆಳೆಯ ಹರ್ಮನ್ ಗುಂಡರ್ಟ್ ಓದಿದ್ದೂ ಇಲ್ಲೇ. ಮೊಗ್ಲಿಂಗ್ 1836ರಲ್ಲಿ ಮಿಶನರಿಯಾಗಿ ಮಂಗಳೂರಿಗೆ ಬಂದು 1843ರಲ್ಲಿ 'ಮಂಗಳೂರು ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ತಂದರು, ನಮ್ಮ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಗುಂಡರ್ಟ್ ಕೇರಳದ ತಲಶ್ಶೇರಿಯಲ್ಲಿ ನಿಂತು ಮಲಯಾಳದ ನಿಘಂಟು ಕಟ್ಟಿದರು. ಕನ್ನಡಕ್ಕಾಗಿ ಮಾಡಿದ ಕೆಲಸಕ್ಕೆ ಮೊಗ್ಲಿಂಗ್‌ ಅವರಿಗೆ ಈ ಊರಿನ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಈಗಲೂ ಅಲ್ಲಿ ವಿದ್ಯಾರ್ಥಿಗಳು ವಾಸಿಸುತ್ತಾರೆ, ಆದ್ದರಿಂದ ಬೇಕಾದ ಕಡೆ ನುಗ್ಗುವಂತಿಲ್ಲ. ನಾನು ಹೆಬ್ಬಾಗಿಲ ಬಳಿ ನಿಂತಿದ್ದೆ. ಸೈಕಲ್ ತಳ್ಳಿಕೊಂಡು ಬಂದ ಹುಡುಗಿಯೊಬ್ಬಳು ಏನಾದರೂ ಬೇಕಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲಿ ಓದಿದವರೊಬ್ಬರು ನನ್ನ ಭಾಷೆಯ ಮೊದಲ ಪತ್ರಿಕೆ ಮಾಡಿದರು ಎಂದೆ. ಅವಳು ಸೈಕಲ್ ನಿಲ್ಲಿಸಿ, ಯಾವ ಭಾಷೆ, ಎಷ್ಟು ಜನ ಆಡುತ್ತಾರೆ, ಲಿಪಿ ಹೇಗಿದೆ ಎಂದು ಒಂದೊಂದಾಗಿ ಕೇಳಿದಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದೆ. ಅವಳು ಆ ಹಾಳೆಯ ಚಿತ್ರ ತೆಗೆದುಕೊಂಡಳು. ಜೊತೆಗೆ ಯಾರಾದರೂ ಇದ್ದಿದ್ದರೆ ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು, ಆ ಹುಡುಗಿ ನಮ್ಮನ್ನು ದಾಟಿ ಹೋಗುತ್ತಿದ್ದಳು.

ಕಿಟೆಲ್‌ ಅವರ ಕಥೆ ಬೇರೆ ತೆರನಾದದ್ದು. ಅವರು ಈ ಊರಿನಲ್ಲಿ ಓದಿದವರಲ್ಲ, ಕೆಲಸ ಮುಗಿಸಿ ಇಲ್ಲಿಗೆ ಬಂದವರು. 1853ರಲ್ಲಿ ಭಾರತಕ್ಕೆ ಬಂದು, ಹಳೆಯ ವ್ಯಾಕರಣ ಗ್ರಂಥ 'ಶಬ್ದಮಣಿದರ್ಪಣ'ವನ್ನೂ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನೂ ಸಂಪಾದಿಸಿ, ಸುಮಾರು 70 ಸಾವಿರ ಪದಗಳ ನಿಘಂಟು ಕಟ್ಟಿ ಹಿಂತಿರುಗಿದರು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. 1896ರಲ್ಲಿ ವಿಶ್ವವಿದ್ಯಾಲಯ ಅವರಿಗೂ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಆಮೇಲೂ ಸುಮ್ಮನೆ ಕೂರಲಿಲ್ಲ, ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಪ್ರಕಟವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಹೋದರು. ಗಾದೆ ಸಹಿತ ನಮ್ಮ ಜನರ ಬಾಯಿಮಾತನ್ನು ನಿಘಂಟಿನೊಳಗೆ ತಂದ ಆ ಮುದುಕ, ಕನ್ನಡ ಬಲ್ಲವರು ಅಪರೂಪವಾದ ಈ ಓಣಿಗಳಲ್ಲಿ ಯಾರೊಂದಿಗೆ ಕನ್ನಡ ಮಾತಾಡಿರಬಹುದು? ಏರು ದಾರಿ ಹತ್ತುತ್ತಾ ನಾನು ಯೋಚಿಸಿದ್ದು ಅದನ್ನೇ.

ಹೋಲ್ಟ್ಸ್‌ಮಾರ್ಕ್ಟ್ ಎಂಬ ಚೌಕದಲ್ಲಿ, ದೊಡ್ಡ ಚರ್ಚಿನ ಎದುರು, ಹೆಕ್ಕನ್‌ಹೌಅರ್ ಎಂಬ ಹಳೆಯ ಪುಸ್ತಕದಂಗಡಿ ಇದೆ. ಮುಂದೆ ನೊಬೆಲ್ ಪಡೆದ ಹರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಇಲ್ಲಿ ಕೆಲಸ ಕಲಿತು ದುಡಿದರು. ಹೆಸ್ಸೆ ಗುಂಡರ್ಟರ ಮೊಮ್ಮಗ, ಮಗಳ ಮಗ. ಅವರ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅಂಗಡಿಯ ಮುಂದೆ ವರ್ಷಗಳನ್ನು ಕೂಡಿಸಿ ನೋಡಿದಾಗ ನನಗೆ ಮೈ ಜುಮ್ಮೆಂದಿತು. ಆ ನಾಲ್ಕು ವರ್ಷ ಕಿಟೆಲ್ ಇದೇ ಪುಟ್ಟ ಊರಿನಲ್ಲಿದ್ದರು. ಮಲಯಾಳ ನಿಘಂಟುಕಾರರ ಮೊಮ್ಮಗ ಪುಸ್ತಕದ ಧೂಳು ಒರೆಸುತ್ತಿದ್ದಾಗ, ಕನ್ನಡ ನಿಘಂಟುಕಾರ ಇದೇ ಚೌಕ ದಾಟಿ ನಡೆದಿರಲೇಬೇಕು. ಇದಕ್ಕೆ ಯಾವ ದಾಖಲೆಯನ್ನೂ ನಾನು ಕೊಡಲಾರೆ, ಊರಿನ ಅಳತೆಯೊಂದೇ ನನ್ನ ಆಧಾರ.

ಚರ್ಚಿನಲ್ಲಿ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದ ಗಡ್ಡದ ಎಬರ್‌ಹಾರ್ಟ್ ಅವರ ಸಮಾಧಿ ಇದೆ. ಮಾರುಕಟ್ಟೆ ಚೌಕದಲ್ಲಿ 1435ರ ಪುರಭವನ, ಅದರ ಹಣೆಯ ಮೇಲೆ 1511ರ ಖಗೋಳ ಗಡಿಯಾರ. ಅದನ್ನು ಮಾಡಿದ ಷ್ಟೋಫ್ಲರ್ ಇಲ್ಲಿಯ ಪ್ರಾಧ್ಯಾಪಕ. ಎರಡನ್ನೂ ನಿಂತು ನೋಡಿ ಮುಂದೆ ನಡೆದೆ.

ಊಟಕ್ಕೆ ಚಪಾತಿ ಇದ್ದರೂ ಊರಿನ ಅನ್ನ ತಿನ್ನದೆ ಬರಬಾರದು ಎಂದು ಕೇಸೆಷ್ಪೆಟ್ಸ್ಲೆ ತರಿಸಿಕೊಂಡೆ. ನಮ್ಮ ಶಾವಿಗೆ ಒರಳಿನಂಥದರಲ್ಲಿ ಹಿಟ್ಟನ್ನು ಕುದಿಯುವ ನೀರಿಗೆ ಒತ್ತಿ, ಚೀಸ್ ಬೆರೆಸಿ, ಮೇಲೆ ಕೆಂಪಗೆ ಹುರಿದ ಈರುಳ್ಳಿ ಹಾಕುತ್ತಾರೆ. ಹಿಟ್ಟಿಗೆ ಮೊಟ್ಟೆ ಇರುತ್ತದೆ, ಮೊಟ್ಟೆ ಒಲ್ಲದವರಿಗೆ ಆಗದು. ಕೆಲವು ಕಡೆ ಹಂದಿಮಾಂಸದ ಚೂರು ಸೇರಿಸುವುದರಿಂದ 'ಓನೆ ಷ್ಪೆಕ್' ಎಂದು ಹೇಳುವುದನ್ನು ಮಗಳು ಕಲಿಸಿದ್ದಳು. ಮೇಲೆ ಚಟ್ನಿಪುಡಿ ಉದುರಿಸಿಕೊಂಡೆ. ಬಹಳ ಚೆನ್ನಾಗಿತ್ತು.

ಕೋಟೆಗೆ ಏರುವ ದಾರಿ ಕಡಿದು. ಎರಡು ಕಡೆ ಕುಳಿತು ಹತ್ತಿದೆ, ಅವಸರ ಮಾಡುವವರು ಯಾರೂ ಇರಲಿಲ್ಲವಲ್ಲ. ಮೇಲಿನ ವಸ್ತುಸಂಗ್ರಹಾಲಯದಲ್ಲಿ ಅಳಿದುಹೋದ ಮ್ಯಾಮತ್ ಎಂಬ ಆನೆಯ ದಂತದಲ್ಲಿ ಕೆತ್ತಿದ ಒಂದು ಕುದುರೆ ಇದೆ, ಉದ್ದ 4.8 ಸೆಂಟಿಮೀಟರ್, ನನ್ನ ಕಿರುಬೆರಳಿನಷ್ಟು. ಫೋಗಲ್‌ಹೆರ್ಟ್ ಗುಹೆಯಲ್ಲಿ ಸಿಕ್ಕಿದ್ದು, ಮೂವತ್ತೈದು ಸಾವಿರ ವರ್ಷಕ್ಕಿಂತ ಹಳೆಯದು. ಕುತ್ತಿಗೆಯ ಬಾಗು ನೋಡಿದರೆ ಈಗ ತಾನೇ ತಲೆ ತಿರುಗಿಸಿದಂತಿದೆ. ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಒಂದು ಪ್ರಯೋಗಾಲಯವಿತ್ತು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ ಇಲ್ಲಿ ಬೇರ್ಪಡಿಸಿದ ವಸ್ತುವನ್ನೇ ಇಂದು ನಾವು ಡಿಎನ್‌ಎ ಎನ್ನುತ್ತೇವೆ. ಕಲ್ಲಿನ ಕಮಾನುಗಳ ಆ ಕೋಣೆ ತಂಪಾಗಿತ್ತು.

ಮಧ್ಯಾಹ್ನ ಮೂರೂವರೆಗೆ ಇಳಿದು ಬಂದು ನದಿಯ ನಡುಗಡ್ಡೆಗೆ ಹೋದೆ. ಅಲ್ಲಿ ಎರಡು ಸಾಲು ಹಳೆಯ ಪ್ಲಾಟನ್ ಮರಗಳು, ತೊಗಟೆ ಕಳಚಿ ಬಿಳಿ ಹಸಿರು ಮಚ್ಚೆ ಮಚ್ಚೆಯಾದ ಬೊಡ್ಡೆಗಳು. ಬೆಂಚಿನ ಮೇಲೆ ಕುಳಿತೆ. ಚಪ್ಪಟೆ ತಳದ ಉದ್ದನೆಯ ದೋಣಿಗಳು ಸದ್ದಿಲ್ಲದೆ ಹೋಗುತ್ತಿದ್ದವು. ಹಿಂದೆ ನಿಂತವನು ಉದ್ದದ ಮರದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. 'ಗಳ' ಎಂಬ ಮಾತು ಬಾಯಿಗೆ ಬಂದ ಕೂಡಲೇ ಕೈ ಮೊಬೈಲಿಗೆ ಹೋಯಿತು. ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿಯನ್ನು ಇಳಿಸಿಕೊಂಡೇ ಬಂದಿದ್ದೆ. ಪುಟ ಸರಿಸಿ ಸರಿಸಿ 'ಗಳೆ' ಹುಡುಕಿದೆ. ಬಿದಿರಿನ ಕೋಲು ಎಂಬ ಅರ್ಥ ಸಿಕ್ಕಿತು. ನಂತರ 'ಹೊಳೆ' ನೋಡಿದೆ, 'ದಂಡೆ' ನೋಡಿದೆ, 'ನೆರಳು' ನೋಡಿದೆ. ಕಣ್ಣೆದುರು ಇದ್ದ ಒಂದೊಂದನ್ನೂ ಆ ಊರಿನಲ್ಲೇ ಕೊನೆಯ ದಿನ ಕಳೆದವರ ಪುಸ್ತಕದಲ್ಲಿ ಹುಡುಕುತ್ತಾ ಎರಡು ಗಂಟೆ ಕುಳಿತಿದ್ದೆ. ನನ್ನ ಇಡೀ ಬೋಧಕ ಜೀವನದಲ್ಲಿ ಆ ನಿಘಂಟನ್ನು ಅಷ್ಟು ನಿಧಾನವಾಗಿ ಓದಿರಲಿಲ್ಲ.

ಮರಳುವಾಗ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿತು. ಘೋಷಣೆ ಜರ್ಮನ್‌ನಲ್ಲಿ ಮಾತ್ರ ಬಂತು. ಸುತ್ತಲಿದ್ದವರೆಲ್ಲ ಒಮ್ಮೆಲೇ ಎದ್ದು ನಡೆದಾಗ, ಪಕ್ಕದ ಹೆಂಗಸಿಗೆ "ಸ್ಟುಟ್‌ಗಾರ್ಟ್?" ಎಂದೆ, ಅವರು ಕೈಸನ್ನೆ ಮಾಡಿ ಜೊತೆಗೇ ಕರೆದೊಯ್ದರು. ಇಂಥ ಹೊತ್ತಿನಲ್ಲಿ ಊರಿನ ಹೆಸರೊಂದನ್ನು ಕೇಳಿದರೆ ಸಾಕಾಗುತ್ತದೆ.

ಕಿಟಕಿಯ ಹೊರಗೆ ಇನ್ನೂ ಒಳ್ಳೆಯ ಬೆಳಕಿತ್ತು. ಎಸ್ಲಿಂಗನ್ ಬಂದಾಗ ಫಲಕ ಓದಿ ತಟ್ಟನೆ ನೆನಪಾಯಿತು: ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲಿ. ಬೆಳಿಗ್ಗೆ ದ್ರಾಕ್ಷಿ ತೋಟ ನೋಡುತ್ತಾ ಈ ಊರನ್ನು ದಾಟಿಬಿಟ್ಟಿದ್ದೆ. ಟಿಕೆಟ್ ಇನ್ನೂ ನಡೆಯುತ್ತಿತ್ತು. ಚೀಲ ಎತ್ತಿಕೊಂಡು ಇಳಿದೆ. ಮಗಳಿಗೆ ಫೋನ್ ಮಾಡಿ, "ಊಟಕ್ಕೆ ಕಾಯಬೇಡಿ, ನಾನು ಎಸ್ಲಿಂಗನ್‌ನಲ್ಲಿ ಇಳಿದಿದ್ದೇನೆ" ಎಂದೆ. "ಅಲ್ಲಿ ಏನಿದೆ ಅವ್ವಾ?" ಎಂದಳು. ಬಂದು ಹೇಳುತ್ತೇನೆ ಎಂದು, ಹಳೆಯ ಕಲ್ಲು ಸೇತುವೆಯ ಕಡೆಗೆ ಹೆಜ್ಜೆ ಹಾಕಿದೆ.