ದಿಂಬು ಒಗೆಯೋದು ಸುಲಭ, ಒಣಗ್ಸೋದೇ ದೊಡ್ಡ ಕೆಲ್ಸ

ದಿಂಬಿನ ಕವರ್ ಎಲ್ರೂ ಒಗೀತಾರೆ, ಒಳಗಿನ ದಿಂಬು ಮಾತ್ರ ತಂದ ದಿನದಿಂದ ಹಾಗೇ ಬಿದ್ದಿರತ್ತೆ. ಒಂದ್ಸಲ ಕವರ್ ತೆಗೆದು ನೋಡಿ, ಹಳದಿ ಹಳದಿ ಮ್ಯಾಪ್ ಬರ್ದಂಗೆ ಇರತ್ತೆ, ಬೆವರು, ತಲೆ ಜಿಡ್ಡು, ನಿದ್ದೇಲಿ ಸುರಿಸಿದ ಜೊಲ್ಲು ಎಲ್ಲಾ ಸೇರಿ ಆಗಿರೋದು ಅದು.

ನೀರಿಗೆ ಹಾಕೋ ಮುಂಚೆ ಒಳಗೇನು ತುಂಬಿದಾರೆ ಅಂತ ಲೇಬಲ್ ನೋಡಿ, ಇದೊಂದು ತಪ್ಪಿದ್ರೆ ದಿಂಬು ಕೈಬಿಟ್ಟಂಗೇ. ಪಾಲಿಯೆಸ್ಟರ್ ಫೈಬರ್ ಆದ್ರೆ ಧೈರ್ಯವಾಗಿ ಒಗೀಬಹುದು. ಹತ್ತಿ ಅಥ್ವಾ ಬೂರುಗದ ಹತ್ತಿ ಆದ್ರೆ ನೆನೆಸ್ಲೇಬೇಡಿ, ಉಂಡೆ ಉಂಡೆ ಕಟ್ಕೊಂಡು ಮತ್ತೆ ಬಿಡ್ಸೋಕಾಗಲ್ಲ, ಅದಕ್ಕೆ ಒಂದು ಕಡೆ ಹೊಲಿಗೆ ಬಿಚ್ಚಿ ಹತ್ತಿನ ಹಳೇ ಬೆಡ್‌ಶೀಟ್ ಮೇಲೆ ಹರಡಿ ಬಿಸಿಲಿಗೆ ಹಾಕಿ (ಗಾಳಿ ಇಲ್ದಿರೋ ದಿನ ನೋಡ್ಕೊಳ್ಳಿ, ಇಲ್ಲಾಂದ್ರೆ ಹತ್ತಿ ಹಿಂದೆ ಓಡೋದೇ ಕೆಲ್ಸ), ಬಟ್ಟೆ ಮಾತ್ರ ಒಗೆದು, ಹತ್ತಿ ಕೈಯಲ್ಲಿ ಬಿಡಿಸಿ ವಾಪಸ್ ತುಂಬಿ ಹೊಲೀರಿ. ಮೆಮೊರಿ ಫೋಮ್ ನೀರಿಗೆ ಬಿದ್ರೆ ಸ್ಪಂಜ್ ತರ ಕುಡ್ದು ಭಾರ ಆಗತ್ತೆ, ಎತ್ತೋವಾಗ್ಲೇ ಹರಿಯತ್ತೆ. ಅದಕ್ಕೆ ಅಡುಗೆ ಸೋಡ ಉದುರಿಸಿ ಅರ್ಧ ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ, ಕಲೆ ಇದ್ದ ಕಡೆ ಒದ್ದೆ ಬಟ್ಟೇಲಿ ಒರೆಸಿ, ನೆರಳಲ್ಲೇ ಆರೋಕೆ ಬಿಡಿ. ಲೇಟೆಕ್ಸ್‌ಗೂ (ರಬ್ಬರ್ ಫೋಮ್) ಬಿಸಿಲು ಆಗ್ಬರಲ್ಲ, ಪುಡಿಪುಡಿ ಉದುರೋಕೆ ಶುರುವಾಗತ್ತೆ.

ಈಗ ಫೈಬರ್ ದಿಂಬಿನ ವಿಷ್ಯ. ಹೊಲಿಗೆ ಬಿಟ್ಟಿದ್ರೆ ಮೊದ್ಲು ಹಾಕ್ಕೊಳ್ಳಿ. ಹಳದಿ ಕಲೆಗೆ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ದಿರೋ ಬ್ಲೀಚ್) ಹಾಕಿದ ಬಿಸಿ ನೀರಲ್ಲಿ ಒಂದು ಗಂಟೆ ನೆನೆಸಿ, ಕ್ಲೋರಿನ್ ಬ್ಲೀಚ್ ಬೇಡ, ಬೆವರಿನ ಕಲೆ ಇನ್ನೂ ಹಳದಿ ಆಗ್ಬಹುದು. ರಕ್ತದ ಕಲೆ ಇದ್ರೆ ಅದನ್ನ ಮಾತ್ರ ಮೊದ್ಲು ತಣ್ಣೀರಲ್ಲೇ ತೆಗೀರಿ, ಬಿಸಿ ತಾಗಿದ್ರೆ ಗಟ್ಟಿಯಾಗಿ ಹಿಡ್ಕೊಂಡ್ಬಿಡತ್ತೆ. ಮಷಿನ್‌ಗೆ ಒಂದೇ ದಿಂಬು ಹಾಕ್ಬೇಡಿ, ಸ್ಪಿನ್ ಆಗೋವಾಗ ಒಂದೇ ಕಡೆ ಭಾರ ಬಿದ್ದು ಮಷಿನ್ ಕುಣಿಯತ್ತೆ, ಎರಡು ಹಾಕಿ, ಟಾಪ್ ಲೋಡ್ ಆದ್ರೆ ಎದುರುಬದುರು ನೆಟ್ಟಗೆ ನಿಲ್ಸಿ. ಲಿಕ್ವಿಡ್ ಡಿಟರ್ಜೆಂಟ್ ಒಂದೆರಡು ಚಮಚ ಸಾಕು, ಪೌಡರ್ ಆದ್ರೆ ಒಳಗೇ ಉಳ್ಕೊಳತ್ತೆ. ಜೆಂಟಲ್ ಸೈಕಲ್, ರಿನ್ಸ್ ಎರಡು ಸಲ, ಸ್ಪಿನ್ ಕೂಡ ಎರಡು ಸಲ. ಲೇಬಲ್ ಒಪ್ಪಿದ್ರೆ ನೀರು 60 ಡಿಗ್ರಿ ಇಡಿ, ಧೂಳಿನ ಹುಳ ಸಾಯೋದು ಆ ಬಿಸಿಗೇ. ಕೈಯಲ್ಲಿ ಒಗೆಯೋರು ಟಬ್‌ನಲ್ಲಿ ಒತ್ತಿ ಒತ್ತಿ ಕೊಳೆ ತೆಗೀರಿ, ಹಿಂಡೋಕೆ ಮಾತ್ರ ಹೋಗ್ಬೇಡಿ, ತಿರುಚಿದ್ರೆ ಫೈಬರ್ ಒಂದು ಮೂಲೆ ಸೇರತ್ತೆ.

ಇಲ್ಲೀವರೆಗೆ ಯಾರಾದ್ರೂ ಮಾಡ್ತಾರೆ, ಎಡವೋದು ಒಣಗ್ಸೋವಾಗ. ನಾನು ಒಂದ್ಸಲ ಸಂಜೆ ಒಗೆದು ಮರುದಿನ ಮೇಲೆ ಮುಟ್ಟಿ ನೋಡಿ ಒಣಗಿದೆ ಅಂತ ಕವರ್ ಹಾಕ್ಬಿಟ್ಟೆ, ಮೂರನೇ ದಿನ ಮಳೇಲಿ ನೆಂದ ಗೋಣಿಚೀಲದ ವಾಸ್ನೆ! ನಡೂ ಮಧ್ಯ ಹಸಿ ಇತ್ತು, ಬೂಷ್ಟು ಬರೋಕೆ ಅಷ್ಟು ಸಾಕು. ಅವತ್ತಿಂದ ಒಗೆಯೋ ಮುಂಚೆ ದಿಂಬು ತೂಕ ಮಾಡಿ ಬರ್ದಿಡ್ತೀನಿ, ಒಣಗಿದ್ಮೇಲೆ ಮತ್ತೆ ತೂಕ, 50 ಗ್ರಾಂ ಜಾಸ್ತಿ ಬಂತು ಅಂದ್ರೆ ಒಳಗೆ ನೀರಿದೆ ಅಂತ ಲೆಕ್ಕ. ಬೆಳಿಗ್ಗೇನೇ ಒಗೀರಿ, ಅಡ್ಡ ಮಲಗ್ಸಿ ಒಣಗ್ಸಿ, ಗಂಟೆಗೊಮ್ಮೆ ತಿರುವಿ ಎರಡೂ ಕಡೆಯಿಂದ ತಟ್ಟಿ ಉಂಡೆ ಬಿಡ್ಸಿ. ಎರಡು ದಿನ ಬೇಕಾದ್ರೂ ಬೇಜಾರಾಗ್ಬೇಡಿ, ರಾತ್ರಿ ಮಾತ್ರ ಒಳಗೆ ತಂದಿಡಿ. ಡ್ರೈಯರ್ ಇದ್ರೆ ಕಮ್ಮಿ ಬಿಸಿ ಇಟ್ಟು, ಕ್ಲೀನ್ ಇರೋ ಎರಡು ಟೆನಿಸ್ ಬಾಲ್ ಸಾಕ್ಸ್‌ಗೆ ತುಂಬಿ ಜೊತೆಗೆ ಹಾಕಿ, ಅವು ಬಡಿದು ಬಡಿದು ಫೈಬರ್ ಬಿಡಿಸ್ತವೆ.

ಆರು ತಿಂಗ್ಳಿಗೊಮ್ಮೆಯಾದ್ರೂ ಹೀಗೆ ಮಾಡಿ, ಬೆವರೋರು ಮೂರು ತಿಂಗ್ಳಿಗೇ. ಕವರ್ ವಾರಕ್ಕೊಮ್ಮೆ, ಅದ್ರ ಒಳಗೆ ಜಿಪ್ ಇರೋ ಪ್ರೊಟೆಕ್ಟರ್ ಒಂದು ಹಾಕಿದ್ರೆ ಕಲೆ ದಿಂಬಿಗೆ ಇಳಿಯೋದು ತುಂಬಾ ಕಮ್ಮಿ ಆಗತ್ತೆ, ತಲೆ ಸ್ನಾನ ಮಾಡಿ ಒದ್ದೆ ಕೂದ್ಲಲ್ಲೇ ಮಲಗೋ ಅಭ್ಯಾಸ ಇದ್ರೆ ಅದನ್ನ ಬಿಟ್ಬಿಡಿ.

ಇನ್ನೊಂದು, ಫೈಬರ್ ದಿಂಬನ್ನ ಅರ್ಧಕ್ಕೆ ಮಡ್ಚಿ ಕೈ ಬಿಟ್ಟು ನೋಡಿ. ಪುಟಕ್ಕಂತ ವಾಪಸ್ ಬಿಚ್ಕೊಂಡ್ರೆ ಇನ್ನೂ ಜೀವ ಇದೆ, ಮಡಚಿದಂಗೇ ಬಿದ್ಕೊಂಡ್ರೆ ಅದ್ರ ಕಾಲ ಮುಗೀತು. ಈ ಟೆಸ್ಟ್ ಒಗೆಯೋ ಮುಂಚೆನೇ ಮಾಡಿ, ನಾನು ಹೋದ್ಸಲ ಎರಡು ದಿನ ತಿರುವಿ ತಿರುವಿ ಒಣಗ್ಸಿ, ತೂಕನೂ ಮಾಡಿ, ಆಮೇಲೆ ಮಡ್ಚಿ ನೋಡಿ ಬಿಸಾಕ್ದೆ.